ಬಳಸಿದ ವಾಟರ್ ಸಾಫ್ಟ್‌ನರ್ ಕೊಳ್ಳಬೇಕೆ, ಹೊಸದನ್ನೇ ತರಬೇಕೆ: ಕಲಬುರಗಿಯ ಬೋರ್ ನೀರಿನ ಮನೆಗಳಿಗೆ ಒಂದು ಹೋಲಿಕೆ

ಬೇಸಿಗೆಯಲ್ಲಿ ನಲ್ಲಿಯ ನೀರು ಕಡಿಮೆಯಾದಾಗ ಕಲಬುರಗಿಯ ಎಷ್ಟೋ ಮನೆಗಳು ಕೊಳವೆಬಾವಿಯನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಗೀಸರಿನ ಕಾಯಿಲ್ ಬಿಳಿ ಪೊರೆ ಕಟ್ಟುವುದು, ಷವರಿನ ರಂಧ್ರಗಳು ಮುಚ್ಚಿಕೊಳ್ಳುವುದು, ಸೋಪು ನೊರೆ ಕೊಡದೆ ಬಕೆಟ್ಟಿನ ಅಂಚಿಗೆ ಬೂದು ಜಿಡ್ಡಾಗಿ ಅಂಟುವುದು ಆಗ ದಿನನಿತ್ಯದ ಕಾಟವಾಗುತ್ತದೆ. ಗಡಸು ನೀರನ್ನು ಮೆದುವಾಗಿಸುವ ಹೊಸ ಸಾಫ್ಟ್‌ನರಿನ ಬೆಲೆ ಕೇಳಿ ಹಿಂಜರಿದವರ ಕಣ್ಣಿಗೆ ಬಳಸಿದ ಯಂತ್ರಗಳು ಬೀಳುವುದು ಇಂಥ ಹೊತ್ತಿನಲ್ಲಿಯೇ. ವರ್ಗವಾಗಿ ಹೊರಟ ಕುಟುಂಬದ್ದು, ಮುಚ್ಚಿದ ಹಾಸ್ಟೆಲಿನದು, ದೊಡ್ಡ ಯಂತ್ರ ಹಾಕಿಸಿಕೊಂಡ ಅಪಾರ್ಟ್‌ಮೆಂಟಿನದು ಹೀಗೆ ಹಲವು ಕಡೆಯಿಂದ ಅವು ಮಾರಾಟಕ್ಕೆ ಬರುತ್ತವೆ. ಅವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ವ್ಯಾಪಾರ, ಉಳಿದವು ಹಣ ಕೊಟ್ಟು ತಂದ ತಲೆನೋವು. ಇವೆರಡನ್ನೂ ಬೇರ್ಪಡಿಸಲು ನಾನು ಒಂದೇ ಅಳತೆಗೋಲನ್ನು ಹಿಡಿಯುತ್ತೇನೆ. ಬಳಸಿದ ಸಾಫ್ಟ್‌ನರಿನಲ್ಲಿ ನಾವು ಕೊಳ್ಳುವುದು ವಾಲ್ವ್ ಮತ್ತು ಟ್ಯಾಂಕನ್ನು ಮಾತ್ರ. ಒಳಗಿರುವ ರೆಸಿನ್‌ಗೆ, ಅಂದರೆ ಗಡಸುತನ ಹಿಡಿಯುವ ಸಣ್ಣ ಮಣಿಗಳಿಗೆ, ಸೊನ್ನೆ ಬೆಲೆ ಕಟ್ಟಿ, ಹೊಸ ರೆಸಿನ್ ತುಂಬಿಸುವ ಖರ್ಚನ್ನು ಮೊದಲೇ ಸೇರಿಸಿಕೊಂಡ ಮೇಲೂ ವ್ಯವಹಾರ ಗಿಟ್ಟಿದರೆ ಮುಂದುವರಿಯಬೇಕು, ಗಿಟ್ಟದಿದ್ದರೆ ಕೈಬಿಡಬೇಕು.

ಮೊದಲು ನಿಮ್ಮ ನೀರಿನ ಅಂಕಿ

ಯಂತ್ರ ನೋಡಲು ಹೋಗುವ ಮೊದಲು ನಿಮ್ಮ ನೀರಿನ ಗಡಸುತನ ಎಷ್ಟು ಎಂಬುದು ಕೈಯಲ್ಲಿರಬೇಕು. ಭಾರತೀಯ ಮಾನಕ ಬ್ಯೂರೋದ ಐಎಸ್ 10500 (2012) ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದಲ್ಲಿ 600ರವರೆಗೆ ಅವಕಾಶವಿದೆ. ನಮ್ಮ ಭಾಗದ ನೆಲ ಒಂದೇ ಬಗೆಯದ್ದಲ್ಲ. ಕಲಬುರಗಿ ನಗರದ ಕೆಳಗಿರುವುದು ದಖನ್ನಿನ ಕಪ್ಪು ಬಸಾಲ್ಟ್ ಬಂಡೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹೋದರೆ ಫರಸಿಯಾಗಿ ಮನೆಮನೆಗೆ ಬರುವ ಅದೇ ಸುಣ್ಣಕಲ್ಲು ನೆಲದಡಿಯಲ್ಲಿದೆ, ವಾಡಿ ಮತ್ತು ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆಯೂರಿದ್ದೂ ಆ ಕಲ್ಲಿನ ಸಲುವಾಗಿಯೇ. ಇಂಥ ಕಲ್ಲಿನ ಬಿರುಕುಗಳಲ್ಲಿ ಹಾದು ಬರುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತುಕೊಂಡೇ ಬರುತ್ತದೆ. ಬೀದರ್ ನಗರ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಆ ಕಲ್ಲಿನಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ನೌಬಾದಿನ ಸುರಂಗ ಕಾಲುವೆಗೆ ನೀರು ಜಿನುಗಿ ಬರುವುದು ಅದರೊಳಗಿಂದಲೇ. ಆದರೆ ಜಂಬಿಟ್ಟಿಗೆಯನ್ನು ದಾಟಿ ಕೆಳಗಿನ ಬಸಾಲ್ಟಿಗೆ ಇಳಿದ ಆಳದ ಬೋರಿನ ನೀರು ಬೇರೆಯದೇ ಸ್ವಭಾವದ್ದಾಗಿರಬಹುದು. ಹಾಗಾಗಿ ಪಕ್ಕದ ಓಣಿಯವರ ಅಂಕಿಯನ್ನು ಎರವಲು ತರಬೇಡಿ.

ಅಳೆಯುವುದು ಕಷ್ಟದ ಕೆಲಸವೇನಲ್ಲ. ಹನಿ ಹಾಕಿ ಎಣಿಸುವ ಹಾರ್ಡ್‌ನೆಸ್ ಕಿಟ್ ಕಡಿಮೆ ಬೆಲೆಗೆ ಸಿಗುತ್ತದೆ. ಅಳತೆಯ ಶೀಶೆಯಲ್ಲಿ ನೀರು ತೆಗೆದುಕೊಂಡು ಸೂಚಕ ಹಾಕಿದಾಗ ಗಡಸು ನೀರು ದ್ರಾಕ್ಷಾರಸದ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಎರಡನೇ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದಂತೆ ಆ ಕೆಂಪು ನೇರಳೆಯಾಗಿ, ಕೊನೆಗೆ ಒಂದು ಹನಿಗೆ ತಟ್ಟನೆ ಸ್ವಚ್ಛ ನೀಲಿಯಾಗುತ್ತದೆ, ಅಲ್ಲಿಯವರೆಗಿನ ಹನಿಗಳ ಲೆಕ್ಕವೇ ಗಡಸುತನದ ಲೆಕ್ಕ. ಸಂಪಿನಲ್ಲಿ ನಲ್ಲಿ ನೀರು ಮತ್ತು ಬೋರ್ ನೀರು ಎರಡೂ ಬೆರೆಯುವ ಮನೆಗಳಲ್ಲಿ ವಾರದಿಂದ ವಾರಕ್ಕೆ ಅಂಕಿ ಬದಲಾಗುತ್ತದೆ. ಆದ್ದರಿಂದ ಬೋರಿನ ನೀರನ್ನು ಮಾತ್ರ ಹಿಡಿದು ಒಮ್ಮೆ, ಸಂಪಿನ ನೀರನ್ನು ಹಿಡಿದು ಇನ್ನೊಮ್ಮೆ, ಸಾಧ್ಯವಾದರೆ ಮೇ ತಿಂಗಳಲ್ಲೊಮ್ಮೆ ಮತ್ತು ಮಳೆಗಾಲದ ನಂತರ ಮತ್ತೊಮ್ಮೆ ನೋಡುವುದು ಸರಿ.

ಟಿಡಿಎಸ್ ಮೀಟರನ್ನು ಈ ಕೆಲಸಕ್ಕೆ ನೆಚ್ಚಿಕೊಳ್ಳಬಾರದು. ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ಎಣಿಸುತ್ತದೆ, ಸಾಫ್ಟ್‌ನರ್ ಮಾಡುವುದಾದರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಆ ಜಾಗದಲ್ಲಿ ಸೋಡಿಯಂ ಬಿಡುವ ಕೆಲಸ. ಸರಿಯಾಗಿ ನಡೆಯುತ್ತಿರುವ ಸಾಫ್ಟ್‌ನರಿನ ಮುಂದೆಯೂ ಹಿಂದೆಯೂ ಟಿಡಿಎಸ್ ಹೆಚ್ಚುಕಡಿಮೆ ಒಂದೇ ಇರುತ್ತದೆ. "ನೋಡ್ರಿ, ಟಿಡಿಎಸ್ ಇಳೀತು" ಎಂದು ಮಾರುವವರು ಮೀಟರ್ ಅದ್ದಿ ತೋರಿಸಿದರೆ ಅವರು ತೋರಿಸುತ್ತಿರುವುದು ಬೇರೆ ಯಾವುದೋ ಯಂತ್ರದ ನೀರು, ಇಲ್ಲವೇ ಅವರಿಗೇ ವಿಷಯ ತಿಳಿದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಒತ್ತಿ ಹೇಳಬೇಕು. ಸಾಫ್ಟ್‌ನರ್ ಫ್ಲೋರೈಡನ್ನಾಗಲಿ ನೈಟ್ರೇಟನ್ನಾಗಲಿ ರೋಗಾಣುಗಳನ್ನಾಗಲಿ ತೆಗೆಯುವುದಿಲ್ಲ. ಯಾದಗಿರಿ ಜಿಲ್ಲೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಮತ್ತು ಆರ್ಸೆನಿಕ್ ಕಂಡುಬಂದಿವೆ. ಅಂಥ ಕಡೆ ಇರುವವರು ಮೊದಲು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದ ವರದಿ ಪಡೆದು ಕುಡಿಯುವ ನೀರಿನ ದಾರಿ ನೋಡಿಕೊಳ್ಳಬೇಕು, ಸಾಫ್ಟ್‌ನರಿನ ಯೋಚನೆ ಅದರ ನಂತರದ್ದು.

ಸಾಫ್ಟ್‌ನರ್ ಬೇಕೇ ಬೇಕೆ

ಗಡಸುತನ 200ರ ಆಸುಪಾಸಿನಲ್ಲಿದ್ದರೆ ಹಳೆಯದಾಗಲಿ ಹೊಸದಾಗಲಿ ಇಡೀ ಮನೆಗೆ ಸಾಫ್ಟ್‌ನರ್ ಅಗತ್ಯವಿಲ್ಲ. ಆಗಾಗ ನಿಂಬೆ ಉಪ್ಪಿನಿಂದ (ಸಿಟ್ರಿಕ್ ಆಮ್ಲ) ಗೀಸರ್ ಮತ್ತು ಷವರ್ ತೊಳೆದುಕೊಂಡರೆ ಸಾಕು. 300 ದಾಟಿದ ಮೇಲೆ ಯೋಚಿಸಬೇಕಾಗುತ್ತದೆ, 500ರ ಸುತ್ತಮುತ್ತ ಬಂದರೆ ಪಾತ್ರೆ, ಬಟ್ಟೆ, ಗೀಸರ್ ಎಲ್ಲದರ ಮೇಲೂ ಅದರ ಹೊಡೆತ ಕಾಣುತ್ತದೆ. ಅಡುಗೆಮನೆಗಂತೂ ಇದು ಮೊದಲೇ ಗೊತ್ತಾಗಿರುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿಯ ತೊಗರಿ ಬೇಳೆಯೇ ಆದರೂ ಗಡಸು ಬೋರ್ ನೀರಿನಲ್ಲಿ ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಅರ್ಧಂಬರ್ಧ ಬೆಂದು ನಿಲ್ಲುತ್ತದೆ. ಕ್ಯಾಲ್ಸಿಯಂ ಬೇಳೆಯ ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಗಟ್ಟಿಯಾಗಿ ಹಿಡಿದಿಡುವುದೇ ಇದಕ್ಕೆ ಕಾರಣ. "ಈ ನೀರಿಗೆ ಬ್ಯಾಳಿ ಬೇಯಂಗಿಲ್ಲ" ಎಂದು ಮನೆಯ ಹಿರಿಯರು ಹೇಳುತ್ತಿದ್ದರೆ ಅದು ಅಳತೆಯಿಲ್ಲದ ಆದರೆ ನಂಬಬಹುದಾದ ಪರೀಕ್ಷೆ.

ಹಣ ಖರ್ಚು ಮಾಡುವ ಮೊದಲು ಕೊಳಾಯಿ ಜೋಡಣೆಯನ್ನೊಮ್ಮೆ ನೋಡಿ. ನಗರಕ್ಕೆ ಬರುವ ಭೀಮಾ ಮತ್ತು ಬೆಣ್ಣೆತೊರಾದ ನೀರು ಸಾಮಾನ್ಯವಾಗಿ ಆಳದ ಬೋರ್ ನೀರಿಗಿಂತ ಮೆದುವಾಗಿರುತ್ತದೆ. ಎರಡನ್ನೂ ಒಂದೇ ಸಂಪಿಗೆ ಸುರಿದು ಬೆರೆಸುವ ಬದಲು ಚಾವಣಿಯ ಮೇಲೆ ಎರಡು ಟ್ಯಾಂಕ್ ಇಟ್ಟು, ನಲ್ಲಿ ನೀರನ್ನು ಸ್ನಾನ, ಗೀಸರ್ ಮತ್ತು ವಾಷಿಂಗ್ ಮೆಷಿನ್ನಿಗೂ, ಬೋರ್ ನೀರನ್ನು ಶೌಚಾಲಯ ಮತ್ತು ಅಂಗಳಕ್ಕೂ ಬಿಟ್ಟರೆ ಎಷ್ಟೋ ಮನೆಗಳ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಪ್ಲಂಬರಿನ ಒಂದೆರಡು ದಿನದ ಕೆಲಸದಲ್ಲಿ ಆಗುವುದನ್ನು ಯಂತ್ರದಿಂದ ಮಾಡಿಸುವುದು ನನಗೆ ಸರಿಕಾಣುವುದಿಲ್ಲ.

ಅದು ಸಾಧ್ಯವಿಲ್ಲದಿದ್ದರೆ ಬಳಸಿದ ದೊಡ್ಡ ಸಾಫ್ಟ್‌ನರಿಗೆ ಪೈಪೋಟಿಯಾಗಿ ನಿಲ್ಲುವ ಆಯ್ಕೆಗಳು ಮೂರು. ಬಚ್ಚಲಿನ ನಲ್ಲಿಗೆ ಜೋಡಿಸುವ ಹೊಸ ಚಿಕ್ಕ ಸಾಫ್ಟ್‌ನರ್ ಮೊದಲನೆಯದು. ಅದರೊಳಗೆ ಒಂದೂವರೆ ಲೀಟರ್ ರೆಸಿನ್ ಇದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ರೆಸಿನ್ ಸಾಮಾನ್ಯ ಬಳಕೆಯಲ್ಲಿ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ, ಅಂದರೆ ಒಟ್ಟು 75 ಗ್ರಾಂ. ಗಡಸುತನ 500 ಇರುವ ನೀರಿನಲ್ಲಿ ಇದು 150 ಲೀಟರಿಗೆ ಮುಗಿಯುತ್ತದೆ, ಎಂದರೆ ಏಳೆಂಟು ಬಕೆಟ್. ಡಬ್ಬಿಯ ಮೇಲೆ ಬರೆದ ದೊಡ್ಡ ಲೀಟರ್ ಲೆಕ್ಕಗಳು ಇದಕ್ಕಿಂತ ಎಷ್ಟೋ ಮೆದುವಾದ ನೀರನ್ನು ಊಹಿಸಿಕೊಂಡು ಬರೆದವು. ನಾಲ್ಕೈದು ಜನರ ಮನೆಯಲ್ಲಿ ಹಿಡಿದದ್ದನ್ನು ಬಿಡಿಸಲು ದಿನವೂ ಉಪ್ಪು ಹಾಕಿ ರೆಸಿನ್ ತೊಳೆಯಬೇಕಾದ ಯಂತ್ರ ತಿಂಗಳೊಪ್ಪತ್ತಿನಲ್ಲಿ ಮೂಲೆ ಸೇರುತ್ತದೆ. ಒಂಟಿಯಾಗಿ ಬಾಡಿಗೆ ಮನೆಯಲ್ಲಿರುವವರಿಗೆ ಮಾತ್ರ ಇದು ಒಪ್ಪುತ್ತದೆ.

ಎರಡನೆಯದು ಗೀಸರ್ ಅಥವಾ ವಾಷಿಂಗ್ ಮೆಷಿನ್ನಿಗೆ ಹಾಕುವ ಪಾಲಿಫಾಸ್ಫೇಟ್ ಕಾರ್ಟ್ರಿಜ್. ಅದು ಗಡಸುತನವನ್ನು ತೆಗೆಯುವುದಿಲ್ಲ, ಪೊರೆ ಗಟ್ಟಿಯಾಗಿ ಅಂಟದಂತೆ ತಡೆಯುತ್ತದೆ ಅಷ್ಟೆ; ಸೋಪಿನ ನೊರೆಗೂ ಕೂದಲಿಗೂ ಅದರಿಂದ ಪ್ರಯೋಜನವಿಲ್ಲ. ಆದರೆ ನಿಮ್ಮ ದೂರು ಗೀಸರಿನದ್ದು ಮಾತ್ರವಾಗಿದ್ದರೆ ಇದೇ ಅಗ್ಗದ ದಾರಿ. ಮೂರನೆಯದು ಪೈಪಿಗೆ ಸುತ್ತುವ ಮ್ಯಾಗ್ನೆಟಿಕ್ ಅಥವಾ ಎಲೆಕ್ಟ್ರಾನಿಕ್ ಕಂಡಿಷನರ್. ಹನಿ ಕಿಟ್ಟಿನಲ್ಲಿ ಅದರ ಮುಂದಿನ ನೀರಿಗೂ ಹಿಂದಿನ ನೀರಿಗೂ ವ್ಯತ್ಯಾಸ ಕಾಣುವುದಿಲ್ಲ. ಬಳಸಿದ್ದನ್ನಂತೂ ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಇವುಗಳ ಎದುರು ಇಡೀ ಮನೆಯ ಹೊಸ ಸಾಫ್ಟ್‌ನರಿಗೆ ವಾರಂಟಿ ಇದೆ, ಮನೆಗೆ ಬಂದು ಅಳೆದು ಹಾಕಿಕೊಡುವವರು ಇದ್ದಾರೆ. ಬಳಸಿದ್ದಕ್ಕೆ ಅವೆರಡೂ ಇಲ್ಲ. ಆ ಎರಡನ್ನು ನೀವೇ ತುಂಬಿಕೊಳ್ಳಬಲ್ಲಿರಾ ಎಂಬುದೇ ಮುಂದಿನ ವಿಚಾರ.

ಮಾರುವವರ ಮನೆಯಲ್ಲಿ ನೋಡಬೇಕಾದದ್ದು

ಬಿಚ್ಚಿಟ್ಟ ಯಂತ್ರಕ್ಕಿಂತ ನೀರಿನ ಜೋಡಣೆಯಲ್ಲಿಯೇ ಇರುವ, ಓಡುತ್ತಿರುವ ಯಂತ್ರವನ್ನು ನೋಡಲು ಹೋಗಿ. ಮೊದಲು ಟ್ಯಾಂಕ್. ಫೈಬರ್ ಟ್ಯಾಂಕಿನ ಮೇಲೆ ಸಾಮಾನ್ಯವಾಗಿ 844, 1054 ಎಂಬಂಥ ಸಂಖ್ಯೆ ಇರುತ್ತದೆ. 1054 ಎಂದರೆ ಹತ್ತು ಇಂಚು ಅಗಲ, 54 ಇಂಚು ಎತ್ತರ. ರೆಸಿನ್ ಉಬ್ಬಿ ತೊಳೆದುಕೊಳ್ಳಲು ಮೇಲೆ ಮೂರನೇ ಒಂದು ಭಾಗ ಖಾಲಿ ಬಿಟ್ಟರೆ ಅದರಲ್ಲಿ ಹಿಡಿಯುವುದು ಸುಮಾರು 40 ಲೀಟರ್. ಇದಕ್ಕಿಂತ ಬಹಳ ಹೆಚ್ಚು ಇದೆ ಎಂದು ಹೇಳಿದರೆ ಆ ಮಾತನ್ನು ಬಿಟ್ಟುಬಿಡಿ. ವಾಲ್ವ್ ತಿರುಗಿಸಿ ಕೂರಿಸುವ ಕುತ್ತಿಗೆಯ ತಿರುಪಿನ ಸುತ್ತ ಸೀಳು ಇದೆಯೇ, ಬಿಸಿಲಿಗೆ ಮೇಲ್ಪದರ ಸುಲಿದು ನಾರು ಎದ್ದಿದೆಯೇ, ಬುಡದಲ್ಲಿ ಒಸರಿದ ಗುರುತಿದೆಯೇ ಎಂದು ಕೈಯಾಡಿಸಿ ನೋಡಿ. ಟ್ಯಾಂಕ್ ಸೀಳಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಬೇಕು, ಅದಕ್ಕೆ ತೇಪೆ ಇಲ್ಲ.

ಆಮೇಲೆ ಹನಿ ಕಿಟ್. ಯಂತ್ರಕ್ಕೆ ಹೋಗುವ ನೀರನ್ನೂ ಹೊರಬರುವ ನೀರನ್ನೂ ಬೇರೆಬೇರೆ ಶೀಶೆಯಲ್ಲಿ ಹಿಡಿದು ಅಲ್ಲೇ ಪರೀಕ್ಷಿಸಿ. ಹೊರಬರುವ ನೀರು ಒಂದೆರಡು ಹನಿಗೇ ನೀಲಿಯಾಗಬೇಕು. ಆದರೆ ಆ ದಿನ ಬೆಳಿಗ್ಗೆಯಷ್ಟೇ ಉಪ್ಪು ಕೊಟ್ಟ ಸವೆದ ರೆಸಿನ್ ಕೂಡ ಕೆಲವು ನೂರು ಲೀಟರ್‌ವರೆಗೆ ಒಳ್ಳೆಯ ನೀರನ್ನೇ ಕೊಡುತ್ತದೆ, ಆದ್ದರಿಂದ ಈ ಪರೀಕ್ಷೆ ಗೆದ್ದ ಮಾತ್ರಕ್ಕೆ ರೆಸಿನ್ ಚೆನ್ನಾಗಿದೆ ಎಂದಾಗುವುದಿಲ್ಲ. ಸೋತರೂ ಉಪ್ಪು ಕೊಡುವುದು ತಡವಾಗಿರಬಹುದು, ಹಾಗಾಗಿ ಅದೂ ಕೊನೆಯ ಮಾತಲ್ಲ.

ನಿಜವಾದ ಪರೀಕ್ಷೆ ರೀಜನರೇಷನ್, ಅಂದರೆ ಉಪ್ಪುನೀರಿನಿಂದ ರೆಸಿನ್ ತೊಳೆದು ಮತ್ತೆ ಸಜ್ಜುಗೊಳಿಸುವ ಸುತ್ತು. ಮಾರುವವರ ಒಪ್ಪಿಗೆ ಪಡೆದು ಅದನ್ನು ಪೂರ್ತಿ ನಡೆಸಿ, ಒಂದು ಒಂದೂವರೆ ಗಂಟೆ ಅಲ್ಲೇ ನಿಲ್ಲಿ. ಮೊದಲು ಬ್ಯಾಕ್‌ವಾಷ್, ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ ಕೊಳೆ ತೆಗೆಯುವ ಹಂತ. ಡ್ರೇನ್ ಪೈಪಿನ ಕೆಳಗೆ ಬಿಳಿ ಬಟ್ಟೆ ಹಿಡಿದರೆ ಕೆಸರು ಬಂದು ಕ್ರಮೇಣ ತಿಳಿಯಾಗಬೇಕು. ಬಟ್ಟೆಯ ಮೇಲೆ ಜೇನುಬಣ್ಣದ ಸಣ್ಣ ಮಣಿಗಳು ಎಡೆಬಿಡದೆ ಬೀಳುತ್ತಿದ್ದರೆ ಒಳಗಿನ ಜಾಳಿಗೆ ಒಡೆದಿದೆ, ಇಲ್ಲವೇ ರೆಸಿನ್ ಪುಡಿಯಾಗಿದೆ. ನಂತರ ಉಪ್ಪುನೀರು ಎಳೆಯುವ ಹಂತ. ಉಪ್ಪಿನ ಡ್ರಮ್ಮಿನ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದಿಡಿ, ಹತ್ತು ಹದಿನೈದು ನಿಮಿಷದಲ್ಲಿ ಮಟ್ಟ ಗೆರೆಯಿಂದ ಸ್ಪಷ್ಟವಾಗಿ ಇಳಿಯಬೇಕು. ಇಳಿಯದಿದ್ದರೆ ಉಪ್ಪುನೀರನ್ನು ಎಳೆಯುವ ಸಣ್ಣ ರಂಧ್ರದ ಭಾಗವಾದ ಇಂಜೆಕ್ಟರ್ ಕಟ್ಟಿಕೊಂಡಿರಬಹುದು, ಅದನ್ನು ಬಿಚ್ಚಿ ತೊಳೆಯಬಹುದು. ಸೀಲ್ ಮತ್ತು ಪಿಸ್ಟನ್ ಸವೆದಿದ್ದರೆ ಮಾತ್ರ ಖರ್ಚು ಬೇರೆ. ಕೊನೆಗೆ ತೊಳೆದು ಮುಗಿಸಿ ಸರ್ವಿಸ್‌ಗೆ, ಅಂದರೆ ಮಾಮೂಲಿ ಬಳಕೆಗೆ, ಬಂದ ಮೇಲೂ ಡ್ರೇನ್ ಪೈಪಿನಿಂದ ನೀರು ಹನಿಯುತ್ತಿದ್ದರೆ ವಾಲ್ವಿನ ಒಳಸೀಲು ಹೋಗಿದೆ ಎಂದೇ ತಿಳಿಯಿರಿ. ಇಡೀ ಯಂತ್ರದ ಬೆಲೆ ನಿಂತಿರುವುದು ಈ ಭಾಗದ ಮೇಲೆ.

ವಾಲ್ವಿನ ಹೆಸರನ್ನು ಬರೆದುಕೊಳ್ಳಿ. ಫ್ಲೆಕ್, ರನ್‌ಕ್ಸಿನ್ ಥರದ ಹೆಸರಾಂತ ವಾಲ್ವ್‌ಗಳಿಗೆ ಸೀಲ್ ಕಿಟ್, ಇಂಜೆಕ್ಟರ್ ಮುಂತಾದವು ಬಿಡಿಯಾಗಿ ಸಿಗುತ್ತವೆ. ಹೆಸರೇ ಇಲ್ಲದ ವಾಲ್ವಿಗೆ ಹೈದರಾಬಾದಿಗೆ ಹೋದರೂ ಬಿಡಿಭಾಗ ಸಿಗುತ್ತದೆಂಬ ಭರವಸೆಯಿಲ್ಲ. ಸ್ವಯಂಚಾಲಿತ ವಾಲ್ವಿನಲ್ಲಿಯೂ ಎರಡು ಬಗೆ. ಟೈಮರಿನದು ನೀರು ಬಳಸಿದರೂ ಬಳಸದಿದ್ದರೂ ಗೊತ್ತಾದ ದಿನಕ್ಕೆ ಉಪ್ಪು ಎಳೆಯುತ್ತದೆ, ಮೀಟರಿನದು ಹರಿದ ಲೀಟರ್ ನೋಡಿ ಎಳೆಯುತ್ತದೆ. ಬಳಕೆ ಏರುಪೇರಾಗುವ ಮನೆಗೆ ಮೀಟರಿನದೇ ಮೇಲು. ಆದರೂ ಬಳಸಿದ ಯಂತ್ರಗಳ ಮಟ್ಟಿಗೆ ಕೈಯಿಂದ ತಿರುಗಿಸುವ ಮಲ್ಟಿಪೋರ್ಟ್ ವಾಲ್ವಿನ ಕಡೆಗೇ ನನ್ನ ಒಲವು. ಅದರಲ್ಲಿ ಸರ್ಕ್ಯೂಟ್ ಬೋರ್ಡ್ ಇಲ್ಲ, ಸುತ್ತಿನ ನಡುವೆ ಕರೆಂಟ್ ಹೋಗಿ ಉಪ್ಪುನೀರು ಟ್ಯಾಂಕಿನಲ್ಲಿಯೇ ಉಳಿಯುವ ಭಯವಿಲ್ಲ, ಕೆಟ್ಟರೆ ಊರಿನ ಪ್ಲಂಬರೇ ಬಿಚ್ಚಬಲ್ಲ. ಪ್ರತಿ ಸುತ್ತಿಗೆ ಮನೆಯವರೊಬ್ಬರು ಸುಮಾರು ಒಂದು ಗಂಟೆ ಗಮನ ಕೊಡಬೇಕು ಎಂಬುದೊಂದೇ ಅದರ ಬೆಲೆ, ಅದಕ್ಕೆ ಮನಸ್ಸಿಲ್ಲದವರು ಕೊಳ್ಳಬಾರದು.

ರೆಸಿನ್ ಕಥೆ ಚಿಕ್ಕದು. ಒಳ್ಳೆಯ ನೀರಿನಲ್ಲಿ ಅದು ಹತ್ತು ಹದಿನೈದು ವರ್ಷ ಬಾಳುತ್ತದೆ. ಕ್ಲೋರಿನ್ ಮತ್ತು ಕಬ್ಬಿಣ ಆ ಆಯುಷ್ಯವನ್ನು ಕಡಿಮೆ ಮಾಡುತ್ತವೆ. ಒಂದು ಚಿಟಿಕೆ ತೆಗೆಸಿ ಬೆರಳಲ್ಲಿ ಒತ್ತಿದಾಗ ಮಣಿಗಳು ಗುಂಡಗೆ ಗಟ್ಟಿಯಾಗಿ ಉರುಳಬೇಕು, ಮೆತ್ತಗೆ ಹಿಸುಕಿಹೋದರೆ ಕ್ಲೋರಿನ್ ಅದನ್ನು ತಿಂದಿದೆ, ತುಕ್ಕಿನ ಕೆಂಪಿದ್ದರೆ ಕಬ್ಬಿಣ ಹಿಡಿದಿದೆ. ಬಿಚ್ಚಿ ತಿಂಗಳುಗಟ್ಟಲೆ ಒಣಗಲು ಬಿಟ್ಟ ಯಂತ್ರವಾದರೆ ಇನ್ನೂ ಕಷ್ಟ: ಒಣಗಿದ ಮಣಿಗೆ ಒಮ್ಮೆಲೇ ನೀರು ತಾಗಿದರೆ ಉಬ್ಬಿ ಬಿರಿಯುತ್ತದೆ, ನಮ್ಮ ಬೇಸಿಗೆಯ ಒಣಹವೆಯಲ್ಲಿ ಹಾಗೆ ಒಣಗುವುದಕ್ಕೆ ಬಹಳ ದಿನ ಬೇಕಿಲ್ಲ. ಹಾಸ್ಟೆಲ್ ಅಥವಾ ಹೋಟೆಲಿನಲ್ಲಿ ದುಡಿದ ಯಂತ್ರಕ್ಕಿಂತ ಮನೆಯಲ್ಲಿ ಬಳಸಿದ್ದು ಲೇಸು.

ಲೆಕ್ಕ

ಐದು ಜನರ ಮನೆಯನ್ನು ತೆಗೆದುಕೊಳ್ಳೋಣ. ನಗರಗಳಿಗೆ ಹಾಕಿಕೊಂಡಿರುವ ತಲೆಗೆ 135 ಲೀಟರ್ ಲೆಕ್ಕದಲ್ಲಿ ದಿನಕ್ಕೆ 675 ಲೀಟರ್. 40 ಲೀಟರ್ ರೆಸಿನ್ 2,000 ಗ್ರಾಂ ಗಡಸುತನ ಹಿಡಿಯುತ್ತದೆ; ನೀರು 500ರದ್ದಾದರೆ 4,000 ಲೀಟರಿಗೆ, ಅಂದರೆ ಆರು ದಿನಕ್ಕೊಮ್ಮೆ ಉಪ್ಪು ಕೊಡಬೇಕು. ಲೀಟರ್ ರೆಸಿನ್‌ಗೆ 150 ಗ್ರಾಂನಂತೆ ಪ್ರತಿ ಬಾರಿ ಆರು ಕಿಲೋ, ತಿಂಗಳಿಗೆ ಸುಮಾರು 30 ಕಿಲೋ ಉಪ್ಪು. ಶೌಚಾಲಯ ಮತ್ತು ಅಂಗಳದ ನೀರನ್ನು ಸಾಫ್ಟ್‌ನರಿನಿಂದ ಹೊರಗಿಟ್ಟು ದಿನಕ್ಕೆ 400 ಲೀಟರಿಗೆ ಇಳಿಸಿಕೊಂಡರೆ ಹತ್ತು ದಿನಕ್ಕೊಮ್ಮೆ, ತಿಂಗಳಿಗೆ 18 ಕಿಲೋ ಸಾಕು. ಈ ಖರ್ಚು ಹೊಸ ಯಂತ್ರಕ್ಕೂ ಹಳೆಯದಕ್ಕೂ ಒಂದೇ, ಹಾಗಾಗಿ ಹೋಲಿಕೆಯಲ್ಲಿ ಉಳಿಯುವುದು ಕೊಳ್ಳುವ ಬೆಲೆ.

ಆ ಬೆಲೆಯನ್ನು ಹೀಗೆ ಕಟ್ಟಿ. ಅದೇ ಅಳತೆಯ ಹೊಸ ಯಂತ್ರಕ್ಕೆ ಜೋಡಣೆ ಸೇರಿ ಎರಡು ಕಡೆ ದರ ಕೇಳಿ. ಆಮೇಲೆ ಹೊಸ ರೆಸಿನ್, ಸೀಲ್ ಕಿಟ್, ಸಾಗಣೆ, ಪ್ಲಂಬರ್ ಈ ನಾಲ್ಕರ ಖರ್ಚನ್ನು ಕೂಡಿಸಿ. ಮಾರುವವರು ಕೇಳುವ ಹಣಕ್ಕೆ ಇದನ್ನು ಸೇರಿಸಿದಾಗ ಒಟ್ಟು ಮೊತ್ತ ಹೊಸದರ ಅರ್ಧವನ್ನು ದಾಟಿದರೆ ಹೊಸದನ್ನೇ ತರುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ವಾರಂಟಿ ಇಲ್ಲದ ವಸ್ತುವಿಗೆ ಅಷ್ಟಾದರೂ ಅಂತರ ಬೇಕು.

ಈ ಮೊತ್ತಕ್ಕೆ ಒಂದು ಗುಪ್ತ ಖರ್ಚು ಸೇರುವುದುಂಟು, ಬಹಳ ಜನ ಎಡವುವುದು ಅಲ್ಲೇ. ಉಪ್ಪುನೀರು ಎಳೆಯಲು ಸ್ವಯಂಚಾಲಿತ ವಾಲ್ವ್‌ಗಳಿಗೆ ಸಾಮಾನ್ಯವಾಗಿ 1.4ರಿಂದ 2 ಬಾರ್ ಒತ್ತಡ ಬೇಕು. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದು ಬಾರ್. ನಮ್ಮ ಒಂದಂತಸ್ತಿನ ಮನೆಯ ಚಾವಣಿ ಟ್ಯಾಂಕಿನಿಂದ ಅರ್ಧ ಬಾರ್ ಬಂದರೆ ಹೆಚ್ಚು. ಪ್ರೆಷರ್ ಪಂಪ್ ಇದ್ದ ಮನೆಯಲ್ಲಿ ಚೆನ್ನಾಗಿ ನಡೆದ ಯಂತ್ರ ನಿಮ್ಮ ಮನೆಗೆ ಬಂದ ಮೇಲೆ ಉಪ್ಪನ್ನೇ ಎಳೆಯುವುದಿಲ್ಲ. ಬೋರಿನಿಂದ ಚಾವಣಿಗೆ ಏರುವ ಪೈಪಿನಲ್ಲಿ, ಮೋಟಾರಿನ ಒತ್ತಡದಲ್ಲಿಯೇ ಅದನ್ನು ಕೂರಿಸಬಹುದು. ಆದರೆ ಹಾಗೆ ಮಾಡಿದರೆ ಆ ಪೈಪಿನ ನೀರೆಲ್ಲ ಮೆದುವಾಗುತ್ತದೆ, ಉಪ್ಪಿನ ಬಳಕೆ ಏರುತ್ತದೆ, ರೀಜನರೇಷನ್ ಹೊತ್ತಿಗೆ ಮೋಟಾರ್ ಓಡುತ್ತಿರಲೇಬೇಕು. ಇಲ್ಲವಾದರೆ ಪಂಪಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ಮನೆಗೆ ತಂದ ಮೇಲೆ

ಕುಡಿಯುವ ನೀರಿನ ನಲ್ಲಿಯನ್ನು ಸಾಫ್ಟ್‌ನರಿನಿಂದ ಬೇರೆಯಾಗಿಡಿ. ಪ್ರತಿ 100 ಮಿಲಿಗ್ರಾಂ ಗಡಸುತನ ತೆಗೆದಾಗ ಸುಮಾರು 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. 500ರ ನೀರಿನಲ್ಲಿ ಅದು ಲೀಟರಿಗೆ 230. ಬೇಸಿಗೆಯಲ್ಲಿ ನಾಲ್ಕು ಲೀಟರ್ ಕುಡಿಯುವವರ ಹೊಟ್ಟೆಗೆ ನೀರಿನಿಂದಲೇ 920 ಮಿಲಿಗ್ರಾಂ ಸೋಡಿಯಂ ಹೋಗುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿ 2,000. ರಕ್ತದೊತ್ತಡ ಇರುವವರ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಾಫ್ಟ್‌ನರಿನ ನಂತರ ಆರ್‌ಒ ಇಟ್ಟರೆ ಸೋಡಿಯಂ ಬಹುಪಾಲು ಹೊರಹೋಗುತ್ತದೆ, ಮೆಂಬ್ರೇನೂ ಹೆಚ್ಚು ದಿನ ಬಾಳುತ್ತದೆ.

ಡ್ರೇನಿನ ಉಪ್ಪುನೀರನ್ನು ಗಿಡಕ್ಕೆ ಬಿಡಲೇಬೇಡಿ. ಎರೆಮಣ್ಣಿನಲ್ಲಿ ಸೋಡಿಯಂ ತುಂಬಿದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಮಣ್ಣು ಮೇಲ್ಗಡೆ ಬಿಗಿದುಕೊಳ್ಳುತ್ತದೆ, ನೀರು ಇಂಗುವುದೇ ನಿಲ್ಲುತ್ತದೆ; ಹಿತ್ತಲಿನ ಕರಿಬೇವು, ನಿಂಬೆ ಒಣಗಿದ ಮೇಲೆ ಆ ಮಣ್ಣನ್ನು ಸರಿಪಡಿಸುವುದು ಬಹಳ ಕಷ್ಟ. ಚರಂಡಿ ಜೋಡಣೆ ಇಲ್ಲದ ಮನೆಗೆ ಸಾಫ್ಟ್‌ನರ್ ಬೇಡ ಎಂದೇ ನಾನು ಹೇಳುತ್ತೇನೆ.

ಯಂತ್ರವನ್ನು ನೆರಳಿನಲ್ಲಿಡಿ. ಹಲವು ಫೈಬರ್ ಟ್ಯಾಂಕ್ ಮತ್ತು ವಾಲ್ವ್‌ಗಳಿಗೆ ತಯಾರಕರು ಹಾಕಿರುವ ಮಿತಿ 49 ಡಿಗ್ರಿ. ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲಿಗೆ ಬಿದ್ದ ಚಾವಣಿ ಅದನ್ನು ಸಲೀಸಾಗಿ ಮೀರುತ್ತದೆ. ಸಾಗಿಸುವಾಗ ನೀರು ಬಸಿದು, ಟ್ಯಾಂಕನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿಸಿ. ಹೊಸ ರೆಸಿನ್ ತುಂಬುವ ಮೊದಲು ಟ್ಯಾಂಕನ್ನೂ ಉಪ್ಪಿನ ಡ್ರಮ್ಮನ್ನೂ ತಿಕ್ಕಿ ತೊಳೆದು, ಮೊದಲ ಸುತ್ತಿನ ಉಪ್ಪುನೀರಿಗೆ ಮನೆಬಳಕೆಯ ಸಾಮಾನ್ಯ ಬ್ಲೀಚ್ ದ್ರಾವಣ ಸುಮಾರು 50 ಮಿಲಿಲೀಟರ್ ಸೇರಿಸಿ ಓಡಿಸಿ, ಆಮೇಲೆ ವಾಸನೆ ಹೋಗುವವರೆಗೆ ನೀರು ಹರಿಸಿ. ಡ್ರಮ್ಮಿಗೆ ಅಯೋಡಿನ್ ಇಲ್ಲದ ಹರಳುಪ್ಪು ಅಥವಾ ಮಾತ್ರೆಯುಪ್ಪು ಹಾಕಿ. ಪುಡಿ ಉಪ್ಪು ತಳದಲ್ಲಿ ಕೆಸರಿನಂತೆ ಗಟ್ಟಿಯಾಗುತ್ತದೆ. ಮಾರಿದವರೊಡನೆ ಮೊದಲೇ ಮಾತಾಡಿಕೊಂಡು ಹಣದ ಒಂದು ಭಾಗವನ್ನು ಎರಡು ಪೂರ್ತಿ ಸುತ್ತು (ಒಮ್ಮೆ ಉಪ್ಪು ಕೊಟ್ಟಾಗಿನಿಂದ ಮತ್ತೆ ಕೊಡುವವರೆಗೆ ಒಂದು ಸುತ್ತು) ಮುಗಿಯುವವರೆಗೆ ಉಳಿಸಿಕೊಳ್ಳಿ. ಎರಡನೇ ಸುತ್ತಿನ ಕೊನೆಯ ದಿನ, ಉಪ್ಪು ಕೊಡುವ ಮುನ್ನ, ಬಚ್ಚಲಿನ ನಲ್ಲಿಯ ನೀರನ್ನು ಹನಿ ಕಿಟ್ಟಿನಲ್ಲಿ ನೋಡಿ ಉಳಿದ ಹಣ ಕೊಡಿ.